ಅವೆನ್ಯೂ ರೋಡಿನಿಂದ ತಂದ ಕಲಿಕಾ ಕಿಟ್: ಲೆಕ್ಕಕ್ಕೆ ಸೈ, ಓದಿಗೆ ಸಾಲದು

ಶಾಲೆ ಶುರುವಾಗುವ ಮುಂಚೆ ಬೆಂಗಳೂರಿನ ಅವೆನ್ಯೂ ರೋಡಿಗೆ ಹೋಗಿ ಒಂದು ಕಲಿಕಾ ಕಿಟ್ ತಂದೆ. ಲೆಕ್ಕ, ಕನ್ನಡ ಓದು ಎರಡಕ್ಕೂ ಸೇರಿ ಒಂದೇ ಪೆಟ್ಟಿಗೆ, 1,850 ರೂಪಾಯಿ. ನಾನು ಕಾಮಾಕ್ಷಿಪಾಳ್ಯದ ಹತ್ತಿರ ಒಂದು ಸಣ್ಣ ಕನ್ನಡ ಮಾಧ್ಯಮ ಶಾಲೆಯಲ್ಲಿ ಎರಡು ಮತ್ತು ಮೂರನೇ ತರಗತಿಗೆ ಪಾಠ ಮಾಡುತ್ತೇನೆ. 34 ಮಕ್ಕಳು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳ ಮನೆಮಾತು ತಮಿಳು, ತೆಲುಗು ಇಲ್ಲಾ ಉರ್ದು. ಐದು ತಿಂಗಳು ಬಳಸಿದ ಮೇಲೆ ಬರೆಯುತ್ತಿದ್ದೇನೆ. ಮೊದಲ ವಾರ ಇಂಥ ಪೆಟ್ಟಿಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ, ಅಲ್ವಾ?

ಲೆಕ್ಕದ ಭಾಗ ನಿಜಕ್ಕೂ ಚೆನ್ನಾಗಿದೆ. ಅದರಲ್ಲಿ ಮುಖ್ಯವಾದದ್ದು ಹತ್ತರ ಬ್ಲಾಕುಗಳು. ಬಿಡಿಗೆ ಒಂದು ಸೆಂಟಿಮೀಟರಿನ ಪುಟ್ಟ ಘನ, ಹತ್ತಕ್ಕೆ ಕಡ್ಡಿ, ನೂರಕ್ಕೆ ಚಪ್ಪಟೆ ಹಲಗೆ. ಹಂಗೇರಿಯ ಗಣಿತಜ್ಞ ಜೊಲ್ಟಾನ್ ಡೀನ್ಸ್ ಹೆಸರಿನಿಂದ ಇವಕ್ಕೆ ಡೀನ್ಸ್ ಬ್ಲಾಕ್ ಅಂತಲೂ ಕರೆಯುತ್ತಾರೆ. ಸರ್ಕಾರಿ ಶಾಲೆಗಳ 4 ಮತ್ತು 5ನೇ ತರಗತಿಗೆ ಅಕ್ಷರ ಫೌಂಡೇಶನ್‌ನವರ ಗಣಿತ ಕಲಿಕಾ ಆಂದೋಲನದಲ್ಲಿ ಬಂದ ಕಿಟ್‌ನಲ್ಲಿ ಇವನ್ನು ನೋಡಿದ್ದೆ, ಆಗಿನಿಂದಲೇ ನನ್ನ ಮಕ್ಕಳಿಗೂ ಬೇಕು ಅನ್ನಿಸಿತ್ತು. ಮಣಿ ಚೌಕಟ್ಟಿನಲ್ಲಿ ಹತ್ತರ ಮಣಿಯೂ ಒಂದೇ ಗಾತ್ರ, ಬಿಡಿಯ ಮಣಿಯೂ ಅದೇ ಗಾತ್ರ. ಮಗು ನಾವು ಹೇಳಿದ್ದನ್ನು ಸುಮ್ನೆ ನಂಬಬೇಕು. ಇಲ್ಲಿ ಹಾಗಲ್ಲ. ಹತ್ತು ಘನ ಸಾಲಾಗಿ ಇಟ್ಟು ಪಕ್ಕದಲ್ಲಿ ಒಂದು ಕಡ್ಡಿ ಇಟ್ಟರೆ ಸರಿಯಾಗಿ ಹೊಂದುತ್ತದೆ, ಕಣ್ಣಿಗೇ ಕಾಣುತ್ತದೆ.

42ರಲ್ಲಿ 17 ಕಳೆಯುವುದನ್ನು ಇಷ್ಟು ವರ್ಷ ನಾನೂ "ಎರಡರಲ್ಲಿ ಏಳು ಹೋಗಲ್ಲ, ಪಕ್ಕದ ಮನೆಯಿಂದ ಸಾಲ ತಗೋ" ಅಂತಲೇ ಹೇಳಿಕೊಡುತ್ತಿದ್ದೆ. ಈ ಸಲ ಒಬ್ಬ ಹುಡುಗಿ ಕೇಳಿದಳು, "ಮಿಸ್, ಆ ಸಾಲ ವಾಪಸ್ ಕೊಡೋದು ಯಾವಾಗ?" ಅವಳಮ್ಮ ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವು ಮಾರುತ್ತಾರೆ, ಸಾಲ ಅಂದರೆ ಏನು ಅಂತ ಆ ಮಗುವಿಗೆ ಗೊತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬ್ಲಾಕು ಮುಂದಿಟ್ಟೆ. ನಾಲ್ಕು ಕಡ್ಡಿ, ಎರಡು ಘನ. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಒಂದು ಕಡ್ಡಿ ಎತ್ತಿ ನನ್ನ ಕೈಗೆ ಕೊಟ್ಟು "ಇದಕ್ಕೆ ಚಿಲ್ಲರೆ ಕೊಡಿ ಮಿಸ್" ಅಂದಳು. ಹತ್ತು ಘನ ಎಣಿಸಿ ಇಸ್ಕೊಂಡಳು, ಹನ್ನೆರಡರಲ್ಲಿ ಏಳು ತೆಗೆದಳು, ಉಳಿದ ಮೂರು ಕಡ್ಡಿಯಲ್ಲಿ ಒಂದು ತೆಗೆದಳು, 25 ಅಂದಳು. ಅವತ್ತಿನಿಂದ ನಮ್ಮ ತರಗತಿಯಲ್ಲಿ ಸಾಲ ಇಲ್ಲ, ಚಿಲ್ಲರೆ ಮಾತ್ರ.

ತೊಂದರೆ ಅಂದರೆ 100 ಘನ, 20 ಕಡ್ಡಿ, 5 ಹಲಗೆ, ಇಷ್ಟೇ ಕೊಟ್ಟಿದ್ದಾರೆ. ಆರು ಮಕ್ಕಳ ಒಂದು ಗುಂಪಿಗೆ ಸರಿಹೋಗುತ್ತದೆ. ಉಳಿದ ಗುಂಪುಗಳಿಗೆ ಹುಣಸೆ ಬೀಜ ಕೊಟ್ಟು ಚೌಕಾಬಾರ ಆಡಿಸುತ್ತೇನೆ, ಬೀಜದ ಒಂದು ಪಕ್ಕ ನೆಲಕ್ಕೆ ಉಜ್ಜಿ ಬೆಳ್ಳಗೆ ಮಾಡಿದರೆ ಆಯಿತು. ಎರಡು ಮೂರು ಗರ ಕೂಡಿಸಿ ಕಾಯಿ ನಡೆಸುವುದರಲ್ಲೇ ಸಂಕಲನ ಬಂದುಬಿಡುತ್ತದೆ.

ಭಿನ್ನರಾಶಿಯ ಬಿಲ್ಲೆಗಳು ಬೇಡವೇ ಬೇಡ. ಮೂರನೇ ಒಂದು ಭಾಗದ ಮೂರು ತುಂಡು ಜೋಡಿಸಿದರೆ ಪೂರ್ತಿ ಚಕ್ರ ಆಗುವುದಿಲ್ಲ, ನಡುವೆ ಬೆರಳು ಹಿಡಿಸುವಷ್ಟು ಸಂದು. ಕೈಯಲ್ಲಿ ಮುಟ್ಟಿ ಕಲಿಯುವ ವಸ್ತುವೇ ತಪ್ಪಿದ್ದರೆ ಮಗು ತಪ್ಪನ್ನೇ ಕಲಿಯುತ್ತದೆ. ಬದಲಾಯಿಸಿ ಕೊಟ್ಟರು, ಎರಡನೆಯದೂ ಹಾಗೇ ಇತ್ತು. ತಕ್ಕಡಿ ಪರವಾಗಿಲ್ಲ.

ಇನ್ನು ಓದು. ಇಲ್ಲಿ ನನಗೆ ನಿಜಕ್ಕೂ ಬೇಜಾರಾಯಿತು. ಇಂಗ್ಲಿಷಿಗೆ ಮಾಡಿದ ಅಚ್ಚಿನಲ್ಲೇ ಕನ್ನಡವನ್ನು ಕೂರಿಸಿದ್ದಾರೆ. ಇಂಗ್ಲಿಷಿನಲ್ಲಿ ಬಿಲ್ಲೆಗಳನ್ನು ಪಕ್ಕ ಪಕ್ಕ ಇಟ್ಟರೆ ಪದ ಆಗುತ್ತದೆ. ಕನ್ನಡ ಹಾಗೆ ಅಲ್ಲವಲ್ಲ! "ಕ" ಬಿಲ್ಲೆಯ ಪಕ್ಕ ಗುಡಿಸಿನ ಬಿಲ್ಲೆ ಇಟ್ಟರೆ "ಕಿ" ಆಗುವುದಿಲ್ಲ. ತಲೆಕಟ್ಟು ಹೋಗಿ ಆ ಜಾಗಕ್ಕೆ ಗುಡಿಸು ಬರಬೇಕು. ಮಕ್ಕಳು ಅದನ್ನು "ಕ, ಇ" ಅಂತ ಬಿಡಿಬಿಡಿಯಾಗಿ ಓದಿದರು, ಅವರ ತಪ್ಪೇನಿಲ್ಲ. ಒತ್ತಕ್ಷರದ್ದಂತೂ ಇನ್ನೂ ಕಷ್ಟ, ಅದೂ ಅಕ್ಷರದಷ್ಟೇ ದೊಡ್ಡ ಬಿಲ್ಲೆ, ಕೆಳಗೆ ಕೂರಿಸಲು ಜಾಗವೇ ಇಲ್ಲ. ಅರ್ಕಾವತ್ತು ಕೊಟ್ಟೇ ಇಲ್ಲ, "ಸೂರ್ಯ" ಬರೆಯುವುದು ಹೇಗೆ?

ಕೊನೆಗೆ ನಾನೇ ಮಾಡಿಕೊಂಡೆ. ದಪ್ಪ ರಟ್ಟಿನ ಮೇಲೆ ತಲೆಕಟ್ಟು ಬಿಟ್ಟು ಅಕ್ಷರದ ಮೈ ಮಾತ್ರ ಬರೆದೆ. ಪುಸ್ತಕಕ್ಕೆ ಹಾಕುವ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಅದರ ಮೇಲೆ ತಲೆಕಟ್ಟು, ಗುಡಿಸು, ಏತ್ವ ಒಂದೊಂದಾಗಿ ಬರೆದೆ. ಮಕ್ಕಳು ಹಾಳೆ ಬದಲಾಯಿಸಿದರೆ ಕ, ಕಿ, ಕೆ ಆಗುತ್ತದೆ. ಗ, ತ, ದ, ನ, ರ, ಸ ಎಲ್ಲಕ್ಕೂ ನಡೆಯುತ್ತದೆ. ಬ, ಲ, ಮ, ಯ ಇದಕ್ಕೆ ಸೇರಲ್ಲ, ಅವಕ್ಕೆ ಬೇರೆ ಕಾರ್ಡೇ ಬೇಕು. ಒತ್ತಕ್ಷರಕ್ಕೆ ಅರ್ಧ ಅಳತೆಯ ಕಾರ್ಡು. ಮನೆಯಲ್ಲಿ ತಮಿಳು ಮಾತಾಡುವ ಒಬ್ಬ ಹುಡುಗ "ಅಕ"ದ ಕೆಳಗೆ ಕ ಒತ್ತು ತಳ್ಳಿ, "ಅಕ್ಕ" ಅಂತ ಜೋರಾಗಿ ಓದಿ, ಕಿಟಕಿಯಿಂದ ಆಚೆ ಐದನೇ ತರಗತಿಯಲ್ಲಿರುವ ಅವನ ಅಕ್ಕನನ್ನು ಕೂಗಿಬಿಟ್ಟ.

ಕಥೆ ಕಾರ್ಡುಗಳಲ್ಲಿ "ಇದು ಒಂದು ದೊಡ್ಡ ಕೆಂಪು ಚೆಂಡು ಆಗಿದೆ" ಅನ್ನುವಂಥ ವಾಕ್ಯಗಳು. ಹೀಗೆ ಯಾವ ಮನೆಯಲ್ಲಿ ಮಾತಾಡುತ್ತಾರೆ? ಅವನ್ನು ಬೀರುವಿಗೆ ಹಾಕಿ, ನಮ್ಮ ಬೆಂಗಳೂರಿನದೇ ಆದ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಅನ್ನುವ ಕಥೆಗಳ ಜಾಲತಾಣದಿಂದ ಮೊದಲ ಹಂತದ ಕನ್ನಡ ಕಥೆಗಳನ್ನು ಪ್ರಿಂಟ್ ತೆಗೆಸಿದೆ. 2015ರಿಂದ ಇದೆ, ದುಡ್ಡು ಕೊಡಬೇಕಿಲ್ಲ, ಒಂದು ಪುಟಕ್ಕೆ ಒಂದೆರಡು ಸಾಲು, ದೊಡ್ಡ ಚಿತ್ರ. ಚಿತ್ರ ನೋಡಿ ಮುಂದೇನಾಗುತ್ತೆ ಹೇಳು ಅಂದರೆ ಓದಲು ಬಾರದ ಮಗುವೂ ಬಾಯಿ ಬಿಡುತ್ತದೆ.

ಹಾಗಾಗಿ ಪೂರ್ತಿ ಪೆಟ್ಟಿಗೆ ತಗೋಬೇಡಿ. ಬ್ಲಾಕು ಮಾತ್ರ ಸಾಕು ಅಂತ ಕೇಳಿದರೆ ಬಿಡಿಯಾಗಿಯೂ ಕೊಡುತ್ತಾರೆ, ಕಳೆದ ಶನಿವಾರ ಇನ್ನೊಂದು ಸೆಟ್ 480 ರೂಪಾಯಿಗೆ ತಂದೆ. ತಗೊಳ್ಳುವ ಮುಂಚೆ ಅಲ್ಲೇ ಹತ್ತು ಘನ ಜೋಡಿಸಿ ಕಡ್ಡಿಗೆ ಹಿಡಿದು ನೋಡಿ. ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ, ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿದು ನಡೆದುಬಿಡಿ.