ನಾಯಿ ಕಚ್ಚಿದರೆ ಸೀದಾ ಸರ್ಕಾರಿ ಆಸ್ಪತ್ರೆಗೆ ಹೋಗಿ

ಹಾಸನ ಜಿಲ್ಲೆಯ ನಮ್ಮ ತಾಲ್ಲೂಕು ಆಸ್ಪತ್ರೆ ಬಗ್ಗೆ ಜನ ಏನೇನೋ ಹೇಳುತ್ತಾರೆ. ನಾಯಿ ಕಡಿತದ ವಿಷಯದಲ್ಲಿ ಮಾತ್ರ ನಾನು ಕಣ್ಣು ಮುಚ್ಚಿ ಅಲ್ಲಿಗೇ ಹೋಗಿ ಅನ್ನುತ್ತೇನೆ.

ಮಗ ಇಂಗ್ಲೆಂಡಿನಲ್ಲಿ ಓದುತ್ತಾನೆ. ಈಸ್ಟರ್ ರಜಕ್ಕೆ ಬಂದಿದ್ದ. ಮೆಣಸು ಕೊಯ್ಲು ನಡೀತಿದ್ದಾಗ ತೋಟದ ಗೇಟ್ ಹತ್ತಿರ ಬೀದಿ ನಾಯಿ ಮೀನಖಂಡಕ್ಕೆ ಬಾಯಿ ಹಾಕಿತು. ಹಲ್ಲು ಇಳಿದು ರಕ್ತ ಬಂತು. ನಲ್ಲಿ ಕೆಳಗೆ ಕಾಲಿಟ್ಟು ಸೋಪು ಹಚ್ಚಿ 15 ನಿಮಿಷ ತೊಳೆದೆವು. ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಇದು.

ಹತ್ತಿರ ಅಂತ ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ಒಳಗೆ ತಣ್ಣಗೆ ಎ.ಸಿ. ಫೈಲ್ ಮಾಡಿಸಿ, ಅಡ್ವಾನ್ಸ್ ಕಟ್ಟಿ ಅಂದರು. ಆಮೇಲೆ ರೇಬೀಸ್ ಲಸಿಕೆ ಇದೆ, ಇಮ್ಯುನೋಗ್ಲಾಬ್ಯುಲಿನ್ (ರೇಬೀಸ್ ತಡೆಯೋ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್) ಇಲ್ಲ, ಹೊರಗಡೆಯಿಂದ ತನ್ನಿ ಅಂತ ಚೀಟಿ ಕೊಟ್ಟರು. ಸಂಜೆ ಹೊತ್ತಲ್ಲಿ ಎಲ್ಲಿಂದ ತರೋದು? ರಕ್ತ ಬಂದ ಕಡಿತಕ್ಕೆ ಅದು ಬೇಕೇ ಬೇಕು. ಲಸಿಕೆಯ ಶಕ್ತಿ ಮೈಗೆ ಬರೋಕೆ ಕೆಲವು ದಿನ ಹಿಡಿಯುತ್ತದೆ, ಅಲ್ಲಿವರೆಗೆ ರಕ್ಷಣೆ ಕೊಡೋದು ಈ ಇಮ್ಯುನೋಗ್ಲಾಬ್ಯುಲಿನ್ನೇ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ತೀರಾ ಅಪರೂಪ.

ಅಲ್ಲಿಂದ ತಾಲ್ಲೂಕು ಆಸ್ಪತ್ರೆಗೆ ಹೋದೆವು. ಡ್ಯೂಟಿ ಡಾಕ್ಟರ್ ಗಾಯ ನೋಡಿ 'ಕೆಟಗರಿ 3', ಅಂದರೆ ರಕ್ತ ಬಂದ ತೀವ್ರ ಕಡಿತ, ಅಂತ ಬರೆದರು. ಸಿಸ್ಟರ್ ಮೊದಲು ಟೆಸ್ಟ್ ಡೋಸ್ ಕೊಟ್ಟು ಕಾದರು. ಆಮೇಲೆ ಹಲ್ಲಿನ ಒಂದೊಂದು ಗುರುತಿಗೂ ಸೂಜಿ ಇಳಿಸಿ ಇಮ್ಯುನೋಗ್ಲಾಬ್ಯುಲಿನ್ ತುಂಬಿದರು. "ನೋಡಪ್ಪ, ನೋವಾಗುತ್ತೆ. ಆದ್ರೆ ಒಂದು ಗಾಯನೂ ಬಿಡೋ ಹಾಗಿಲ್ಲ" ಅಂತ ಮಾತಾಡಿಸುತ್ತಲೇ ಇದ್ದರು. ಕೊನೆಗೆ ಎರಡೂ ತೋಳಿನ ಚರ್ಮದೊಳಗೆ 0.1 ಎಂ.ಎಲ್. ಲಸಿಕೆ. ಔಷಧಿಗೆ ಒಂದು ರೂಪಾಯಿನೂ ಕೇಳಲಿಲ್ಲ. ಅಮೆರಿಕದಲ್ಲಿ ಇನ್ಶೂರೆನ್ಸ್ ಇಲ್ಲದವರಿಗೆ ಇದೇ ಚಿಕಿತ್ಸೆಗೆ ಸಾವಿರಾರು ಡಾಲರ್ ಬಿಲ್ ಆಗುತ್ತದೆ.

ಕೊರತೆಗಳೂ ಇವೆ. ಕೂರೋಕೆ ಬೆಂಚ್ ಸಾಲದು. ಶೌಚಾಲಯದಲ್ಲಿ ಲೈಟ್ ಇರಲಿಲ್ಲ, ವಯಸ್ಸಾದವರು ಮೊಬೈಲ್ ಟಾರ್ಚ್ ಹಿಡಿದು ಹೋಗ್ತಿದ್ದರು. ಇಷ್ಟು ಒಳ್ಳೆ ಕೆಲಸ ಮಾಡೋ ಜಾಗಕ್ಕೆ ಒಂದು ಬಲ್ಬ್ ಹಾಕಿಸೋದು ದೊಡ್ಡದಲ್ಲ, ಅಲ್ವಾ?

ಮೊದಲ ಲಸಿಕೆ ಆದ ದಿನದಿಂದ 3, 7 ಮತ್ತು 28 ದಿನಕ್ಕೆ ಉಳಿದ ಲಸಿಕೆ. ಕೊನೆಯದಕ್ಕೆ ಮೊದಲೇ ಮಗ ವಾಪಸ್ ಹೋಗಬೇಕಿತ್ತು. ಅದನ್ನು ಹೇಳಿದಾಗ ಸಿಸ್ಟರ್ ಕಾರ್ಡಿನಲ್ಲಿ ತಾರೀಖು, ಲಸಿಕೆಯ ಬ್ರಾಂಡ್, ಬ್ಯಾಚ್ ನಂಬರ್ ಎಲ್ಲ ಇಂಗ್ಲಿಷಿನಲ್ಲಿ ದುಂಡಗೆ ಬರೆದುಕೊಟ್ಟರು.

ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಅವನು ಬೆಳಿಗ್ಗೆ 8ಕ್ಕೇ ಫೋನ್ ಹಚ್ಚಿ ಕ್ಯೂನಲ್ಲಿ ಕಾಯಬೇಕಾಯಿತು. ಬ್ರಿಟನ್ನಿನಲ್ಲಿ ನಾಯಿಗಳಿಗೆ ರೇಬೀಸ್ ಇಲ್ಲ, ಹಾಗಾಗಿ ಅವನ ಜಿಪಿ (ಅಲ್ಲಿ ಮೊದಲು ನೋಡೋ ಫ್ಯಾಮಿಲಿ ಡಾಕ್ಟರ್) ಹತ್ತಿರ ಲಸಿಕೆ ಇಟ್ಟಿರಲಿಲ್ಲ, ತರಿಸಿದರು. ಅವರು ಮೊದಲು ಕೇಳಿದ್ದೇ ಈ ಕಾರ್ಡು. ಅಲ್ಲೂ ಲಸಿಕೆಗೆ ದುಡ್ಡಿಲ್ಲ. ಆದರೆ ಅದನ್ನು ಪೂರ್ತಿ ಪುಕ್ಕಟೆ ಅನ್ನೋಕಾಗಲ್ಲ. ಸ್ಟೂಡೆಂಟ್ ವೀಸಾ ಮಾಡಿಸುವಾಗಲೇ ವರ್ಷಕ್ಕೆ 776 ಪೌಂಡ್ ಹೆಲ್ತ್ ಸರ್ಚಾರ್ಜ್ ಕಟ್ಟಿದ್ದೇವೆ. ನಮ್ಮ ತಾಲ್ಲೂಕಿನಲ್ಲಿ ಆಧಾರ್ ಕಾರ್ಡ್ ತೋರಿಸಿದ್ದೇ ಸಾಕಾಯಿತು.

ಆಸ್ಪತ್ರೆಯವರಲ್ಲಿ ನನ್ನದೊಂದು ಕೋರಿಕೆ. ಆ ಸಿಸ್ಟರ್ ಬರೆದಂಥ ಕಾರ್ಡನ್ನು ಕೇಳದಿದ್ದರೂ ಎಲ್ಲರಿಗೂ ಕೊಡಿ. ತೋಟದ ಕೆಲಸಕ್ಕೆ ಅಂತ ಬೇರೆ ಊರಿಂದ ಬಂದವರು ಕೊಯ್ಲು ಮುಗಿದ ಕೂಡಲೇ ಹೊರಟುಬಿಡುತ್ತಾರೆ. ಅವರ ಉಳಿದ ಡೋಸ್ ಇನ್ನೊಂದು ಊರಲ್ಲೇ ಆಗಬೇಕು.