ತಂಗಿ ಮದುವೆಗೆ ಮಡಿಕೇರಿಯಾ, ಮರವಂತೆಯಾ, ಮೈಸೂರಾ?

ಪುರೋಹಿತರು ಕೊಟ್ಟ ಮುಹೂರ್ತ ಫೆಬ್ರವರಿಯಲ್ಲಿ, ಬೆಳಗ್ಗೆ 7.10ರಿಂದ 8.20. ಬೆಂಗಳೂರಿನ ಛತ್ರವಾದರೆ ಮನೆಯಲ್ಲೇ ಸ್ನಾನ ಮುಗಿಸಿ, ಬಂದು ಅಕ್ಷತೆ ಹಾಕಿ, ತಿಂಡಿ ತಿಂದು ಆಫೀಸಿಗೂ ಹೋಗಬಹುದು. ಊರಾಚೆ ಮದುವೆ ಅಂದ್ರೆ ಹಾಗಲ್ಲ, ಧಾರೆ ನೋಡುವವರೆಲ್ಲ ಹಿಂದಿನ ರಾತ್ರಿಯೇ ಅಲ್ಲಿರಬೇಕು. ಹಾಗಾಗಿ ಅಮ್ಮ, ಚಿಕ್ಕಪ್ಪ, ನಾನು ಜಾಗ ನೋಡಲು ಹೋದಾಗೆಲ್ಲ ಕೇಳಿದ್ದು ಎರಡೇ ಪ್ರಶ್ನೆ. ರೂಮ್ ಎಷ್ಟಿದೆ? ನಮ್ಮ ಅಡುಗೆಯವರನ್ನು ಒಳಗೆ ಬಿಡ್ತೀರಾ? ನೋಟ ಚೆನ್ನಾಗಿದೆಯಾ ಅನ್ನೋದು ಆಮೇಲಿನ ಮಾತು.

ಮೊದಲು ಮಡಿಕೇರಿ, ಯಾಕಂದ್ರೆ ತಂಗಿಗೆ ಅದೇ ಬೇಕಿತ್ತು. ಕಾಫಿ ತೋಟದ ನಡುವಿನ ಆ ರೆಸಾರ್ಟ್ ನಿಜಕ್ಕೂ ಚೆಂದ. ಆದರೆ ಕೊಡಗು ಜಿಲ್ಲೆಗೆ ರೈಲೇ ಇಲ್ಲ. ಮೈಸೂರಿನವರೆಗೆ ರೈಲಲ್ಲಿ ಬಂದರೂ ಅಲ್ಲಿಂದ ಮತ್ತೆ ಸುಮಾರು 120 ಕಿ.ಮೀ. ಬಸ್ಸು. ಕುಶಾಲನಗರ ದಾಟಿ ತಿರುವು ಶುರುವಾದ ಮೇಲೆ ಅಮ್ಮ ಮಾತೇ ಆಡಲಿಲ್ಲ, ಕೈಯಲ್ಲಿ ನಿಂಬೆಹಣ್ಣು ಹಿಡಿದು ಕೂತುಬಿಟ್ಟರು. ಕಾಟೇಜುಗಳು ಇಳಿಜಾರಿನಲ್ಲಿವೆ, ಮಂಟಪ ಹಾಕುವ ಲಾನ್ ಮೇಲಿದೆ. ನಡುವೆ ಕಲ್ಲಿನ ಮೆಟ್ಟಿಲು, ಒಂದು ಕಡೆಗೂ ಹಿಡಿದುಕೊಳ್ಳಲು ಕಂಬಿ ಇಲ್ಲ. ಮಂಡಿನೋವಿನ ಅಜ್ಜಿಯನ್ನು ಮುಂಜಾನೆಯ ಚಳಿಯಲ್ಲಿ ಅದರ ಮೇಲೆ ಹತ್ತಿಸೋದು ಯಾರು?

ಹೊರಗಿನ ಅಡುಗೆಯವರಿಗೆ ಪ್ರವೇಶವಿಲ್ಲ, ಅವರದ್ದೇ ಬಫೆ. ರುಚಿ ನೋಡಲು ಬಡಿಸಿದ ತಿಳಿಸಾರು ಪರವಾಗಿಲ್ಲ, ಒಬ್ಬಟ್ಟು ಮಾತ್ರ ಎಲ್ಲಿಂದಲೋ ತರಿಸಿದ್ದು, ತಣ್ಣಗೆ ಬಂತು. ಹೋಮದ ಬಗ್ಗೆ ಕೇಳಿದೆ. ಹಾಲ್ ಒಳಗೆ ಹೊಗೆ ಬಂದರೆ ಅಲಾರಂ ಹೊಡೆಯುತ್ತೆ, ಲಾನ್‌ನಲ್ಲೇ ಮಾಡಿಕೊಳ್ಳಿ ಅಂದರು. ಮಳೆ ಬಂದರೆ? ಮ್ಯಾನೇಜರ್ ನಕ್ಕರು. ಕಾಫಿ ಹೂವಿನ ನಡುವೆ ಮದುವೆ ಅಂತ ಕನಸು ಕಾಣುವವರಿಗೆ ಇನ್ನೊಂದು ಮಾತು. ಆ ಹೂ ಅರಳೋದೇ ಬೇಸಿಗೆಯ ಮೊದಲ ಮಳೆ ಬಿದ್ದ ಮೇಲೆ. ಹೂವನ್ನು ಕರೆದರೆ ಮಳೆಯನ್ನೂ ಕರೆದ ಹಾಗೆ.

ಮೈಸೂರಿನ ಬಗ್ಗೆ ದೂರು ಹೇಳಲು ಏನೂ ಇಲ್ಲ. ದಾರಿ ಸಲೀಸು, 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದ ಮೇಲಂತೂ ಕೇಳಬೇಡಿ. ಮಲ್ಲಿಗೆ, ವೀಳ್ಯದೆಲೆ, ಬಾಳೆಎಲೆ ಎಲ್ಲ ದೇವರಾಜ ಮಾರುಕಟ್ಟೆಯಲ್ಲೇ ಸಿಗುತ್ತೆ. ಓಲಗದವರೂ ಊರಲ್ಲೇ ಇದ್ದಾರೆ. ಹೋಟೆಲ್ ಸಾಲದಿದ್ದರೆ ಪಕ್ಕದ ರಸ್ತೆಯಲ್ಲಿ ಇನ್ನೊಂದು. ಆದರೆ ಇಷ್ಟು ಹತ್ತಿರ ಅಂದಮೇಲೆ ಯಾರೂ ಉಳಿಯುವುದಿಲ್ಲ! "ಬೆಳಗ್ಗೆ ನಾಲ್ಕಕ್ಕೆ ಹೊರಟು ಬರ್ತೀವಿ ಬಿಡು" ಅಂತ ಚಿಕ್ಕಪ್ಪನೇ ಅಂದುಬಿಟ್ಟರು. ಹಾಗೆ ಬಂದು ಊಟ ಮಾಡಿ ಹೊರಡೋದಾದರೆ ಜಯನಗರದ ಛತ್ರ ಏನು ತಪ್ಪು ಮಾಡಿತ್ತು? ಮುನ್ನೂರು ದಾಟುವ ಮದುವೆಗೆ ಮೈಸೂರು ಸರಿ. ನಮ್ಮದು ನೂರೈವತ್ತರ ಒಳಗೆ.

ಮರವಂತೆ ಹೆಸರು ಎತ್ತಿದ್ದು ಭಾವ ಆಗುವವನು. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ 66. ಬೆಂಗಳೂರಲ್ಲಿ ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಕುಂದಾಪುರದಲ್ಲಿ ಇಳಿಯಬಹುದು, ವಯಸ್ಸಾದವರಿಗೆ ಮಲಗಿ ಬರುವ ಅನುಕೂಲ. ತಾಪತ್ರಯ ಟಿಕೆಟ್ಟಿನದು. ಬುಕಿಂಗ್ ತೆರೆಯೋದೇ 60 ದಿನ ಮೊದಲು, ಒಂದು ಟಿಕೆಟ್ಟಿಗೆ ಆರೇ ಜನ. ಜಾಗಕ್ಕೆ ಮುಂಗಡ ಕೊಟ್ಟು ತಿಂಗಳುಗಟ್ಟಲೆ ಕಾದು, ಆ ದಿನ ಬೆಳಗ್ಗೆ ಎಂಟಕ್ಕೆ ಮನೆಮಂದಿಯೆಲ್ಲ ಮೊಬೈಲ್ ಹಿಡಿದು ಕೂರಬೇಕು.

ಸಮುದ್ರದ ಗಾಳಿಗೆ ದೀಪ ನಿಲ್ಲುತ್ತಾ ಅನ್ನೋದು ಅಮ್ಮನ ಭಯ. ಅಡುಗೆ ಭಟ್ಟರು ಅಲ್ಲೇ ಒಂದು ದೀಪ ಹಚ್ಚಿಟ್ಟು ತೋರಿಸಿದರು. ಬೆಳಗ್ಗೆ ಗಾಳಿ ನೆಲದ ಕಡೆಯಿಂದ, ಅದೂ ಸಣ್ಣಗೆ. ಕಡಲ ಗಾಳಿ ಜೋರಾಗೋದು ಬಿಸಿಲೇರಿದ ಮೇಲೆ. ನಮ್ಮ ಮುಹೂರ್ತಕ್ಕೆ ಇದಕ್ಕಿಂತ ಇನ್ನೇನು ಬೇಕು? ಇನ್ನೊಂದು ಸಂಗತಿ ಅಲ್ಲಿ ನಿಂತಾಗಲೇ ಹೊಳೆದದ್ದು. ವಧೂವರರು ಪೂರ್ವಕ್ಕೆ ಮುಖ ಮಾಡಿ ಕೂರುತ್ತಾರೆ, ನಮ್ಮ ಕಡಲು ಪಶ್ಚಿಮಕ್ಕೆ. ಮುಖದ ಮೇಲೆ ಎಳೆಬಿಸಿಲು, ಬೆನ್ನ ಹಿಂದೆ ನೀರು. ಫೋಟೊದವರಿಗೆ ಹಬ್ಬ. ಸಂಜೆ ಆರತಕ್ಷತೆಯನ್ನು ಮಾತ್ರ ಒಳಗೆ ಮಾಡೋದೇ ಸರಿ, ಇಲ್ಲದಿದ್ದರೆ ಮೈಕಲ್ಲಿ ಬರೀ ಗಾಳಿಯ ಸದ್ದು, ರೇಷ್ಮೆ ಸೀರೆಯಲ್ಲಿ ಬೆವರು. ಮರಳ ಮೇಲೇ ಮಂಟಪ ಬೇಕು ಅನ್ನುವವರು ಅನುಮತಿಗೆ ಓಡಾಡಬೇಕು. ನಾವು ರೆಸಾರ್ಟಿನ ಸ್ವಂತ ತೆಂಗಿನ ತೋಟಕ್ಕೇ ತೃಪ್ತಿಪಟ್ಟೆವು.

ಊಟದಲ್ಲಿ ಪೈಪೋಟಿಯೇ ಇಲ್ಲ. ಭಟ್ಟರ ತಂಡ ಪಕ್ಕದೂರಿನದೇ, ಪಾತ್ರೆ ಸಮೇತ ಬರುತ್ತೆ. ಎಲೆ ಹಾಕಿ ಮಟ್ಟುಗುಳ್ಳದ ಹುಳಿ, ಹಯಗ್ರೀವ ಬಡಿಸಿದರು. ಹುಳಿಗೆ ಬೆಲ್ಲ ಜಾಸ್ತಿ ಅಂತ ಚಿಕ್ಕಪ್ಪ ಗೊಣಗಿದರು. ಗೊಣಗುತ್ತಲೇ ಮೂರನೇ ಸಲ ಹಾಕಿಸಿಕೊಂಡರು.

ದುಡ್ಡಿನ ವಿಷಯದಲ್ಲಿ ಒಂದು ಸೂಕ್ಷ್ಮ. ರೂಮಿನ ಬಾಡಿಗೆ ದಿನಕ್ಕೆ ₹7,500 ಮೀರಿದರೆ ಜಿಎಸ್‌ಟಿ ಶೇ 18. ಅದರೊಳಗಿದ್ದರೆ 2025ರ ಸೆಪ್ಟೆಂಬರ್ 22ರಿಂದ ಶೇ 5 ಮಾತ್ರ. ಮಡಿಕೇರಿಯವರು ಹೇಳಿದ್ದು ₹8,000. ನಲವತ್ತು ರೂಮು, ಎರಡು ರಾತ್ರಿ ಅಂದರೆ ತೆರಿಗೆಯೇ ₹1,15,200. ಅದೇ ₹7,500ಕ್ಕೆ ಇಳಿಸಿದ್ದರೆ ₹30,000 ಆಗುತ್ತಿತ್ತು. ಐನೂರು ಕಡಿಮೆ ಮಾಡಿ ಅಂತ ಚೌಕಾಸಿ ಮಾಡೋಕೆ ನಾಚಿಕೆ ಬೇಡ.

ಮರವಂತೆಗೆ ಮುಂಗಡ ಕೊಟ್ಟಿದ್ದೇವೆ. ಹೊರಗಿನ ಅಡುಗೆ, ಹೋಮ, ಹಿಂದಿನ ದಿನ ಮಧ್ಯಾಹ್ನ 12ಕ್ಕೇ ರೂಮು, ಮೂರನ್ನೂ ರಸೀದಿಯ ಮೇಲೆ ಬರೆಸಿ ಸಹಿ ಹಾಕಿಸಿಕೊಂಡೆವು. ತಂಗಿ ಇನ್ನೂ ಸ್ವಲ್ಪ ಮುನಿಸಿಕೊಂಡಿದ್ದಾಳೆ. ಹನಿಮೂನಿಗೆ ಮಡಿಕೇರಿಗೆ ಹೋಗಮ್ಮ ಅಂದಿದ್ದೀವಿ.