ತೋಟದ ಕೋವಿಗೆ ಲೈಸೆನ್ಸ್: ಹಾಸನ, ಚಿಕ್ಕಮಗಳೂರಿನಲ್ಲಿ ಈ ಸೇವೆ ಹೇಗಿದೆ?

ಬಂದೂಕಿನ ಲೈಸೆನ್ಸಿಗೆ ಸಹಿ ಹಾಕುವವರು ಜಿಲ್ಲಾಧಿಕಾರಿ. ಆದರೆ ಕಡತದ ಹಣೆಬರಹ ಬರೆಯುವುದು ನಿಮ್ಮೂರಿನ ಪೊಲೀಸ್ ಠಾಣೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಅರ್ಜಿ ಬಂದ ಮೇಲೆ ಹತ್ತಿರದ ಠಾಣಾಧಿಕಾರಿಯ ವರದಿ ತರಿಸಿಕೊಳ್ಳಲೇಬೇಕು. ಆ ವರದಿಯಲ್ಲಿ ‘ಅವಶ್ಯಕತೆ ಕಂಡುಬರುವುದಿಲ್ಲ’ ಎಂಬ ಒಂದು ಸಾಲು ಬಿದ್ದರೆ ಮೇಲಿನವರು ಯಾರೂ ಅದನ್ನು ತಿದ್ದಲು ಹೋಗುವುದಿಲ್ಲ. ಹಾಗಾಗಿ ಈ ಸೇವೆಯನ್ನು ತೂಗಿ ನೋಡಬೇಕಾದ ಜಾಗವೂ ಅದೇ, ಅರ್ಜಿದಾರ ಹೆಚ್ಚು ಶ್ರಮ ಹಾಕಬೇಕಾದ ಜಾಗವೂ ಅದೇ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಬೇಕು. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೂ ಕೇಂದ್ರ ಸರ್ಕಾರ ಕೊಟ್ಟಿರುವ ಲೈಸೆನ್ಸ್ ವಿನಾಯಿತಿ 2029ರವರೆಗೆ ಇದೆ, ನಿಜ. ಆದರೆ ಅದು ಅವರಿಗೆ ಮಾತ್ರ, ಸಕಲೇಶಪುರದ ಅಥವಾ ಮೂಡಿಗೆರೆಯ ಉಳಿದ ಬೆಳೆಗಾರರಿಗೆ ಅಲ್ಲ. ಅವರಿಗೆ ಅಜ್ಜನ ಕಾಲದ ಕೇಪಿನ ಕೋವಿಗೂ (ಬಾಯಿಯಿಂದ ಮದ್ದು ತುಂಬುವ ಕೋವಿ) ಲೈಸೆನ್ಸ್ ಬೇಕು. ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು.

ಎರಡನೆಯದು, ಯಾವ ಉದ್ದೇಶಕ್ಕೆ ಕೇಳುತ್ತೀರಿ ಎನ್ನುವುದು. ನಮ್ಮ ಕಡೆ ‘ಆತ್ಮರಕ್ಷಣೆ’, ‘ಬೆಳೆ ರಕ್ಷಣೆ’ ಎಂಬ ಎರಡೇ ಮಾತು ಓಡಾಡುತ್ತವೆ. ಕಾನೂನು ಇವೆರಡನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ನಿಜವಾದ ಬೆಳೆ ರಕ್ಷಣೆಗೆ ಕೇಳಿದರೆ, ಅಥವಾ 20 ಇಂಚಿಗಿಂತ ಕಡಿಮೆಯಿಲ್ಲದ, ಒಳಮೈ ನುಣುಪಾದ ನಳಿಗೆಯ 12 ಬೋರಿನಂಥ ಕೋವಿಯನ್ನು (ಶಾಟ್‌ಗನ್) ರಕ್ಷಣೆಗೋ ಕ್ರೀಡೆಗೋ ಕೇಳಿದರೆ, ನಿರಾಕರಣೆಗೆ ಬೇರೆ ಕಾರಣ ಇಲ್ಲದಿದ್ದಲ್ಲಿ ಲೈಸೆನ್ಸ್ ಕೊಡಬೇಕು ಎಂದೇ ಕಾಯ್ದೆ ಹೇಳುತ್ತದೆ. ಕೇಪಿನ ಕೋವಿ ಬೆಳೆ ಕಾಯಲು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ತೋಟಾ (ಕಾಡತೂಸು) ಹಾಕುವ ಕೋವಿಯನ್ನೂ ಕೊಡಬಹುದು. ರಿವಾಲ್ವರ್, ಪಿಸ್ತೂಲ್, ರೈಫಲ್ ಕೇಳಿದಿರೋ, ‘ಸಕಾರಣ’ ತೋರಿಸುವ ಭಾರ ಪೂರ್ತಿ ನಿಮ್ಮ ಮೇಲೆ. ಮೂರು ಎಕರೆ ಕಾಫಿ, ಸ್ವಲ್ಪ ಭತ್ತದ ಗದ್ದೆ ಇರುವವರು ಪೇಟೆಯ ವ್ಯಾಪಾರಿಯ ಹಾಗೆ .32 ರಿವಾಲ್ವರಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಅಲೆಯುವುದು ನೋಡಿದರೆ ಬೇಸರವಾಗುತ್ತದೆ. ಒಂಟಿ ನಳಿಗೆ ಅಥವಾ ಜೋಡಿ ನಳಿಗೆಯ 12 ಬೋರ್ ಕೇಳಿ. ತೋಟಕ್ಕೆ ಬೇಕಾಗಿರುವುದೂ ಅದೇ.

ನಿರ್ಬಂಧಿತ ವರ್ಗದ ಬಗ್ಗೆ ಕೇಳುವವರೂ ಇದ್ದಾರೆ. ಸೆಮಿ ಆಟೋಮ್ಯಾಟಿಕ್ ಶಾಟ್‌ಗನ್, 20 ಇಂಚಿಗಿಂತ ಗಿಡ್ಡ ನಳಿಗೆಯ ಕೋವಿ, .303 ರೈಫಲ್, ಸೇನೆಯ 9 ಎಂ.ಎಂ. ಗುಂಡು ಹಾರಿಸಬಲ್ಲ ಪಿಸ್ತೂಲ್ ಎಲ್ಲವೂ ಇದರಲ್ಲಿ ಬರುತ್ತವೆ. ಇವುಗಳ ಲೈಸೆನ್ಸ್ ಕೊಡುವ ಅಧಿಕಾರ ಜಿಲ್ಲಾಧಿಕಾರಿಗೆ ಇಲ್ಲ, ಕೇಂದ್ರ ಗೃಹ ಸಚಿವಾಲಯಕ್ಕೆ ಇದೆ. ಸ್ಥಳೀಯ ಪೊಲೀಸ್ ವರದಿ, ಜಿಲ್ಲೆಯ ಶಿಫಾರಸು, ರಾಜ್ಯದ ಶಿಫಾರಸು ಎಲ್ಲ ಸೇರಿ ದೆಹಲಿಗೆ ಹೋಗಬೇಕು. ಜೀವಕ್ಕೆ ಗಂಭೀರ ಬೆದರಿಕೆ ಇದೆ ಎನ್ನುವುದಕ್ಕೆ ದಾಖಲೆ ಬೇಕು. ಹಂದಿ ಕಾಟ ಅಲ್ಲಿ ಕಾರಣವಾಗುವುದಿಲ್ಲ. ಪಂಪ್ ಆಕ್ಷನ್ ಕೋವಿ ಈ ನಿರ್ಬಂಧಿತ ಪಟ್ಟಿಯಲ್ಲಿಲ್ಲ. ಹಲವರು ಸೆಮಿ ಆಟೋಮ್ಯಾಟಿಕ್ ಜೊತೆ ಅದನ್ನು ಸೇರಿಸಿ ಗೊಂದಲ ಮಾಡಿಕೊಳ್ಳುತ್ತಾರೆ.

ಅರ್ಜಿ ಎ–1 ನಮೂನೆಯಲ್ಲಿ, ರಾಷ್ಟ್ರೀಯ ಶಸ್ತ್ರಾಸ್ತ್ರ ಲೈಸೆನ್ಸ್ ದತ್ತಾಂಶದ ಆನ್‌ಲೈನ್ ಪೋರ್ಟಲ್ ಮೂಲಕ. ವಯಸ್ಸು 21 ಆಗಿರಬೇಕು. ಗುರುತು, ವಿಳಾಸ, ಜನ್ಮ ದಿನಾಂಕದ ದಾಖಲೆ, ಫೋಟೋಗಳ ಜೊತೆ ಎಸ್–3 ನಮೂನೆಯ ವೈದ್ಯಕೀಯ ಪ್ರಮಾಣಪತ್ರ, ಸುರಕ್ಷಿತವಾಗಿ ಇಟ್ಟುಕೊಳ್ಳುವ ಬಗ್ಗೆ ಮುಚ್ಚಳಿಕೆ, ಎಸ್–1 ನಮೂನೆಯ ಬಂದೂಕು ತರಬೇತಿ ಪ್ರಮಾಣಪತ್ರ ಬೇಕಾಗುತ್ತದೆ. ವೈದ್ಯಕೀಯ ಪತ್ರದಲ್ಲಿ ದೈಹಿಕ, ಮಾನಸಿಕ ಆರೋಗ್ಯ ಎರಡೂ ಇರಬೇಕು. ಮದ್ಯ, ಮಾದಕ ವಸ್ತುಗಳಿಗೆ ದಾಸನಲ್ಲ ಎಂದು ಬಿಡಿಸಿ ಬರೆದಿರಬೇಕು. ಪರಿಚಯದ ಡಾಕ್ಟರು ತಮ್ಮ ಲೆಟರ್‌ಹೆಡ್ಡಿನಲ್ಲಿ ‘ಆರೋಗ್ಯವಾಗಿದ್ದಾರೆ’ ಎಂದು ಒಂದು ಸಾಲು ಗೀಚಿಕೊಟ್ಟರೆ ಕಡತ ವಾಪಸ್ ಬರುವುದು ಖಂಡಿತ. ಜಿಲ್ಲಾಸ್ಪತ್ರೆಗೆ ನಮೂನೆಯನ್ನೇ ಹಿಡಿದುಕೊಂಡು ಹೋಗುವುದು ಲೇಸು. ತರಬೇತಿಗೆ ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರವೇ ಸುಲಭದ ದಾರಿ. ಪ್ರಕಟಣೆ ಎಸ್‌ಪಿ ಕಚೇರಿಯಿಂದ ಬರುತ್ತದೆ, ಪತ್ರಿಕೆಯ ಸ್ಥಳೀಯ ಪುಟದಲ್ಲಿ ಚಿಕ್ಕದಾಗಿ ಇರುತ್ತದೆ. ಬೇಕೆನಿಸಿದ ದಿನ ಸಿಗುವಂಥದ್ದಲ್ಲವಾದ್ದರಿಂದ ಅರ್ಜಿಗಿಂತ ಮೊದಲೇ ಇದನ್ನು ಮುಗಿಸಿಕೊಳ್ಳಬೇಕು. ಕೋವಿ ಬಿಚ್ಚುವುದು, ಖಾಲಿ ಇದೆಯೇ ಎಂದು ನೋಡುವುದು, ಗುರಿ ಹಿಡಿಯುವುದನ್ನು ಶಿಸ್ತಾಗಿ ಕಲಿಸುತ್ತಾರೆ. ಇಡೀ ವ್ಯವಸ್ಥೆಯಲ್ಲಿ ಮನಸಾರೆ ಹೊಗಳಬಹುದಾದ ಭಾಗ ಇದು.

ಪೋರ್ಟಲ್ ಪರವಾಗಿಲ್ಲ. ಆದರೆ ಆಧಾರ್‌ನಲ್ಲಿ ಒಂದು ಇನಿಷಿಯಲ್, ಪಹಣಿಯಲ್ಲಿ ಇನ್ನೊಂದು ಇದ್ದರೆ ಮುಂದೆ ಪ್ರತಿ ಹಂತದಲ್ಲೂ ತೊಡಕು. ಪಹಣಿ ಇನ್ನೂ ತಂದೆಯ ಹೆಸರಿನಲ್ಲಿದ್ದರೆ ಪೌತಿ ಖಾತೆ (ತೀರಿಕೊಂಡವರಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಮಾಡಿಸಿಕೊಂಡೋ, ವಂಶವೃಕ್ಷ ಮತ್ತು ಇತರ ಹಕ್ಕುದಾರರ ಒಪ್ಪಿಗೆ ಸೇರಿಸಿಕೊಂಡೋ ಅರ್ಜಿ ಹಾಕಬೇಕು.

ಈಗ ಠಾಣೆಯ ಹಂತ. ಜಿಲ್ಲಾಧಿಕಾರಿ ಕಚೇರಿಯ ದಂಡಾಧಿಕಾರಿ ಶಾಖೆಯಿಂದ ಅರ್ಜಿ ಎಸ್‌ಪಿ ಕಚೇರಿಗೆ, ಅಲ್ಲಿಂದ ಡಿವೈಎಸ್‌ಪಿ, ಸರ್ಕಲ್ ಇನ್‌ಸ್ಪೆಕ್ಟರ್ ಮೂಲಕ ಠಾಣೆಗೆ ಇಳಿದು, ಅದೇ ಮೆಟ್ಟಿಲು ಹತ್ತಿ ವಾಪಸ್ ಬರುತ್ತದೆ. 2016ರ ನಿಯಮಗಳ ಪ್ರಕಾರ ಪೊಲೀಸ್ ವರದಿಗೆ 30 ದಿನ, ವರದಿ ಬಂದ ಮೇಲೆ ಲೈಸೆನ್ಸ್ ಪ್ರಾಧಿಕಾರದ ತೀರ್ಮಾನಕ್ಕೆ 60 ದಿನ. ಕಾಗದದ ಮೇಲಿನ ಈ ಲೆಕ್ಕವನ್ನು ನಂಬಿ ಕೂರಬಾರದು. ಗಣಪತಿ ಹಬ್ಬ, ದತ್ತ ಜಯಂತಿ, ಚುನಾವಣೆ ಬಂತೆಂದರೆ ಠಾಣೆಯ ಸಿಬ್ಬಂದಿ ಬಂದೋಬಸ್ತಿಗೆ ಹೋಗುತ್ತಾರೆ, ಕಡತ ಠಾಣೆಯ ರೈಟರ್ (ಕಾಗದಪತ್ರ ನೋಡುವ ಸಿಬ್ಬಂದಿ) ಮೇಜಿನ ಮೇಲೆ ಉಳಿಯುತ್ತದೆ. ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯವೆಂದರೆ, ಗೊತ್ತುಪಡಿಸಿದ ಅವಧಿಯಲ್ಲಿ ವರದಿ ಬರದಿದ್ದರೆ ಇನ್ನೂ ಕಾಯದೆ ಆದೇಶ ಮಾಡುವ ಅಧಿಕಾರವನ್ನು 13ನೇ ಸೆಕ್ಷನ್ನೇ ಲೈಸೆನ್ಸ್ ಪ್ರಾಧಿಕಾರಕ್ಕೆ ಕೊಟ್ಟಿದೆ. ಬಳಸಲೇಬೇಕೆಂದಿಲ್ಲ, ಬಳಸಬಹುದು. ಅವಧಿ ಮುಗಿದ ಮೇಲೆ ಆ ಸೆಕ್ಷನ್ ನಮೂದಿಸಿ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆದರೆ, ಕನಿಷ್ಠ ಠಾಣೆಗೆ ಜ್ಞಾಪನಾ ಪತ್ರ ಹೋಗುತ್ತದೆ.

ಠಾಣೆಯವರು ನೋಡುವುದು ಇಷ್ಟು: ನಿಮ್ಮ ಮೇಲೆ ಪ್ರಕರಣ ಇದೆಯೇ, ಶಾಂತಿ ಪಾಲನೆಗೆ ಬಾಂಡ್ ಬರೆಸಿಕೊಂಡಿದ್ದಾರೆಯೇ, ಮನೆಯಲ್ಲಿ ಅಥವಾ ಪಕ್ಕದ ತೋಟದವರೊಂದಿಗೆ ಜಗಳ ಇದೆಯೇ, ಕುಡಿತದ ಮಾತು ಊರಲ್ಲಿದೆಯೇ, ಕೋವಿ ಎಲ್ಲಿಡುತ್ತೀರಿ, ನಿಜವಾಗಿ ಅಗತ್ಯ ಇದೆಯೇ. ನೆರೆಹೊರೆಯವರ ಹೇಳಿಕೆ ಪಡೆಯುತ್ತಾರೆ. ಬೇಲಿ ತಕರಾರು, ದಾರಿ ತಕರಾರಿನಲ್ಲಿ ಹಳೆಯ ಒಂದು ದೂರು ಇದ್ದರೂ ಅದು ವರದಿಯಲ್ಲಿ ಬರುತ್ತದೆ. ಖುಲಾಸೆಯಾದ ಪ್ರಕರಣವಾದರೆ ತೀರ್ಪಿನ ದೃಢೀಕೃತ ನಕಲನ್ನು ಮೊದಲೇ ಕಡತದಲ್ಲಿ ಸೇರಿಸಿ. ಅರ್ಜಿಯಲ್ಲಿ ಪ್ರಕರಣವನ್ನೇ ಮುಚ್ಚಿಟ್ಟರೆ, ಆ ಮುಚ್ಚಿಟ್ಟಿದ್ದೇ ತಿರಸ್ಕಾರಕ್ಕೆ ಸಾಕು.

‘ಅಗತ್ಯ’ದ ಮಾತಿನಲ್ಲೇ ಹೆಚ್ಚಿನ ಅರ್ಜಿಗಳು ಸೋಲುತ್ತವೆ. ‘ಕಾಡುಪ್ರಾಣಿಗಳ ಹಾವಳಿ ಇದೆ’ ಎಂದು ಬಾಯಲ್ಲಿ ಹೇಳಿದರೆ ಸಬ್ ಇನ್‌ಸ್ಪೆಕ್ಟರ್ ಏನು ಬರೆಯಲು ಸಾಧ್ಯ? ಅವರ ಕೈಗೆ ಕಾಗದ ಕೊಡಬೇಕು. ಅರಣ್ಯ ಇಲಾಖೆಗೆ ಬೆಳೆ ಹಾನಿ ಪರಿಹಾರ ಕೇಳಿ ಹಾಕಿದ ಅರ್ಜಿಗಳ ನಕಲು, ಪರಿಹಾರ ಬಂದಿದ್ದರೆ ಆದೇಶ, ದಿನಾಂಕ ಇರುವ ಫೋಟೋ, ಸರ್ವೆ ನಂಬರುವಾರು ಬೆಳೆ ವಿವರ, ಮನೆಯಿಂದ ಠಾಣೆಗೆ ಇರುವ ದೂರ, ಕಾಫಿ ಮೂಟೆಯೋ ಮೆಣಸೋ ಕಳವಾಗಿದ್ದರೆ ಆಗ ಕೊಟ್ಟ ದೂರಿನ ಪ್ರತಿ ಇವೆಲ್ಲ ಸೇರಿದರೆ ವರದಿ ಬರೆಯುವವರಿಗೆ ಆಧಾರ ಸಿಗುತ್ತದೆ. ಹಾನಿಯಾದಾಗಲೆಲ್ಲ ‘ಆ ಪುಡಿಗಾಸಿಗೆ ಯಾರು ಅಲೆಯುತ್ತಾರೆ’ ಎಂದು ಪರಿಹಾರದ ಅರ್ಜಿಯನ್ನೇ ಹಾಕದವರು, ಲೈಸೆನ್ಸಿನ ಹೊತ್ತಿಗೆ ಬರಿಗೈಯಲ್ಲಿ ನಿಲ್ಲುತ್ತಾರೆ. ಜಮೀನು ಕಡಿಮೆ ಎಂಬ ಹಿಂಜರಿಕೆ ಮಾತ್ರ ಬೇಡ. ಸಾಕಷ್ಟು ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಲೈಸೆನ್ಸ್ ನಿರಾಕರಿಸಬಾರದು ಎಂದು 14ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ದೊಡ್ಡ ಎಸ್ಟೇಟಿನವರಿಗೆ ಮಾತ್ರ ಕೋವಿ ಎನ್ನುವ ಮಾತು ಸುಳ್ಳು.

ಸ್ಥಳ ಪರಿಶೀಲನೆಗೆ ಬಂದಾಗ ಗೋಡೆಗೆ ಬೋಲ್ಟ್ ಹಾಕಿದ ಉಕ್ಕಿನ ಬೀರು, ತೋಟಾಗಳಿಗೆ ಬೇರೆ ಬೀಗದ ಪೆಟ್ಟಿಗೆ ಸಿದ್ಧವಿರಲಿ. ಕೂಲಿಯವರ ಲೈನ್ ಮನೆಯ ಹತ್ತಿರ ಅಥವಾ ಕಾಫಿ ಗೋಡೌನಿನಲ್ಲಿ ಇಡುತ್ತೇವೆ ಎಂದರೆ ಒಪ್ಪುವುದಿಲ್ಲ, ಒಪ್ಪಲೂ ಬಾರದು.

ಬೆಳೆ ರಕ್ಷಣೆಯ ಅರ್ಜಿಗಳಿಗೆ ತಹಶೀಲ್ದಾರ್ ವರದಿಯನ್ನೂ ಅರಣ್ಯ ಇಲಾಖೆಯ ವರದಿಯನ್ನೂ ಕೇಳುತ್ತಾರೆ. ತಹಶೀಲ್ದಾರ್ ಕಚೇರಿಯದು ಪಹಣಿ ಸರಿಯಿದ್ದರೆ ಬೇಗ ಮುಗಿಯುತ್ತದೆ. ಅರಣ್ಯದ್ದೇ ತಡ, ಅದಕ್ಕೆ ಕಾರಣವೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದಿಂದ 10 ಕಿ.ಮೀ. ಒಳಗೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಸಮ್ಮತಿ ಇಲ್ಲದೆ ಹೊಸ ಲೈಸೆನ್ಸ್ ಕೊಡುವಂತಿಲ್ಲ. ರಾಷ್ಟ್ರೀಯ ಉದ್ಯಾನಕ್ಕೂ ಇದು ಅನ್ವಯ. ಭದ್ರಾ ಮತ್ತು ಕುದುರೆಮುಖದ ಸುತ್ತ 10 ಕಿ.ಮೀ. ಗೆರೆ ಎಳೆದು ನೋಡಿ, ಚಿಕ್ಕಮಗಳೂರು ಜಿಲ್ಲೆಯ ಎಷ್ಟು ತೋಟಗಳು ಒಳಗೆ ಬರುತ್ತವೆ ಎಂದು ಗೊತ್ತಾಗುತ್ತದೆ. ಪುಷ್ಪಗಿರಿಯ ಕಡೆಗೆ ಹಾಸನದ ಅಂಚಿನ ಹಳ್ಳಿಗಳದ್ದೂ ಇದೇ ಕಥೆ. ಈ ಸಮ್ಮತಿ ಬೆಂಗಳೂರಿನಿಂದ ಬರಬೇಕು. ನಿಮ್ಮ ಸರ್ವೆ ನಂಬರ್ ಗಡಿಯಿಂದ ಎಷ್ಟು ದೂರ ಎಂದು ವಲಯ ಅರಣ್ಯಾಧಿಕಾರಿಯಿಂದ ಮೊದಲೇ ಲಿಖಿತವಾಗಿ ಪಡೆದು ಅರ್ಜಿಗೆ ಲಗತ್ತಿಸಿ. ಇಲ್ಲದಿದ್ದರೆ ಪೊಲೀಸ್ ವರದಿ ಅನುಕೂಲವಾಗಿದ್ದೂ ಕಡತ ಈ ಒಂದು ಪ್ರಶ್ನೆಗೆ ವಾಪಸ್ ಬಂದು ಮತ್ತೆ ಮೊದಲಿನಿಂದ ಸುತ್ತುತ್ತದೆ. ಅಭಯಾರಣ್ಯದ ಸುತ್ತ ಈಗಾಗಲೇ ಲೈಸೆನ್ಸ್ ಇರುವವರೂ ಅದೇ ಸೆಕ್ಷನ್ ಅಡಿ ಹೆಸರು ನೋಂದಾಯಿಸಬೇಕು.

ಲೈಸೆನ್ಸ್ ಸಿಕ್ಕಿತು ಎಂದರೆ ಕೊಲ್ಲುವ ಅನುಮತಿ ಸಿಕ್ಕಿತು ಎಂದಲ್ಲ. ಇದನ್ನು ಒತ್ತಿ ಹೇಳಬೇಕಾಗಿದೆ. ಆನೆ, ನವಿಲು, ನಮ್ಮ ಕಡೆಯ ಕೆಂಪು ಮುಖದ ಕೋತಿ ಎಲ್ಲವೂ ವನ್ಯಜೀವಿ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಇರುವ ಮೊದಲನೇ ಅನುಸೂಚಿಯಲ್ಲಿವೆ. ಹಂದಿಯನ್ನು ಹೊಡೆಯಲೂ ಅರಣ್ಯ ಇಲಾಖೆಯ ಲಿಖಿತ ಆದೇಶ ಬೇಕು. ಆಲೂರು, ಸಕಲೇಶಪುರ, ಬೇಲೂರಿನಲ್ಲಿ ಆನೆ ಓಡಿಸಲು 12 ಬೋರಿನ ಚಿಲ್ಲು (ಸಣ್ಣ ಸೀಸದ ಗುಂಡು) ಹೊಡೆಯುವವರಿಗೆ ಎರಡು ಅಪಾಯ: ಗಾಯಗೊಂಡ ಆನೆ ಮುಂದೆ ಸಿಕ್ಕ ಮನುಷ್ಯನ ಮೇಲೆ ತಿರುಗುತ್ತದೆ, ಮತ್ತು ಲೈಸೆನ್ಸ್ ರದ್ದಾಗಿ ಪ್ರಕರಣ ದಾಖಲಾಗುತ್ತದೆ.

ಕೊಳ್ಳುವ ಹಂತ ಸರಳ. ಲೈಸೆನ್ಸಿನಲ್ಲಿ ಬರೆದ ಅವಧಿಯೊಳಗೆ ಅಧಿಕೃತ ಡೀಲರ್ ಹತ್ತಿರ ಖರೀದಿಸಿ, ಕೋವಿಯನ್ನು ತಪಾಸಣೆಗೆ ಹಾಜರುಪಡಿಸಿ, ನಂಬರ್ ನಮೂದಿಸಿಕೊಳ್ಳಬೇಕು. ಖಾಸಗಿಯವರಿಂದ ಕೊಳ್ಳುವುದಾದರೆ ಮಾರುವವರು ಲಿಖಿತ ಮಾಹಿತಿ ಕೊಟ್ಟು 45 ದಿನ ಕಳೆದಿರಬೇಕು. ಒಬ್ಬರಿಗೆ ಎರಡೇ ಕೋವಿ, ಲೈಸೆನ್ಸಿನ ಅವಧಿ 5 ವರ್ಷ. ನವೀಕರಣದ ಅರ್ಜಿ ಅವಧಿ ಮುಗಿಯುವ 60 ದಿನ ಮೊದಲೇ ಹೋಗಬೇಕು. ಯುಐಎನ್ (ರಾಷ್ಟ್ರೀಯ ದತ್ತಾಂಶದಲ್ಲಿ ಲೈಸೆನ್ಸುದಾರರಿಗೆ ಕೊಡುವ ವಿಶಿಷ್ಟ ಗುರುತಿನ ಸಂಖ್ಯೆ) ಲೈಸೆನ್ಸಿನಲ್ಲಿ ಇದೆಯೇ ಎಂದು ಅಲ್ಲೇ ನೋಡಿಕೊಳ್ಳಿ.

ಮನೆತನದ ಕೋವಿಯ ದಾರಿ ಹೊಸ ಲೈಸೆನ್ಸಿಗಿಂತ ಎಷ್ಟೋ ಸಲೀಸು, ಆದರೂ ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲೇ. ಲೈಸೆನ್ಸುದಾರರು ತೀರಿಕೊಂಡ ಕೂಡಲೇ ಕೋವಿಯನ್ನು ತಡಮಾಡದೆ ಠಾಣೆಯಲ್ಲೋ ಡೀಲರ್ ಹತ್ತಿರವೋ ಠೇವಣಿ ಇಡಬೇಕು. ತಿಥಿ ಮುಗಿಯಲಿ, ಪಾಲು ಆಗಲಿ ಎಂದು ಅಟ್ಟದ ಮೇಲೆ ಬಿಟ್ಟರೆ ಅದು ಲೈಸೆನ್ಸಿಲ್ಲದ ಕೋವಿ. ಇದಕ್ಕಿಂತ ಒಳ್ಳೆಯ ಉಪಾಯ ನಿಯಮದಲ್ಲೇ ಇದೆ: ಲೈಸೆನ್ಸುದಾರರಿಗೆ 70 ವರ್ಷ ತುಂಬಿದರೆ ಅಥವಾ ಕೋವಿ 25 ವರ್ಷ ಅವರ ಬಳಿ ಇದ್ದರೆ, ಬದುಕಿರುವಾಗಲೇ ವಾರಸುದಾರರೊಬ್ಬರನ್ನು ಸೂಚಿಸಿ ವರ್ಗಾಯಿಸಬಹುದು. ಉಳಿದ ವಾರಸುದಾರರ ನಿರಾಕ್ಷೇಪಣೆಯೂ ಹೊಸ ಹೆಸರಿಗೆ ಪೊಲೀಸ್ ವರದಿಯೂ ಬೇಕಾಗುತ್ತದೆ, ಆದರೆ ‘ಅಗತ್ಯ’ದ ವಾದ ಅಷ್ಟು ಗಟ್ಟಿಯಾಗಿ ಎದ್ದುನಿಲ್ಲುವುದಿಲ್ಲ. ಬ್ರಿಟಿಷರ ಕಾಲದ ಜೋಡಿ ನಳಿಗೆ ಕೈಗೆ ಬಂದರೆ ಹಾರಿಸುವ ಮುನ್ನ ಗನ್‌ಸ್ಮಿತ್‌ಗೆ ತೋರಿಸಿ. ಹಲವು ಹಳೆಯ ಕೋವಿಗಳ ಚೇಂಬರ್ (ತೋಟಾ ಕೂರುವ ಜಾಗ) 65 ಎಂ.ಎಂ. ಉದ್ದದ್ದು, ಈಗಿನ 70 ಎಂ.ಎಂ. ತೋಟಾ ಅದರೊಳಗೆ ಕೂರುತ್ತದೆ, ಆದರೆ ಹಾರಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ.

ಚುನಾವಣೆ ಬಂದಾಗಲೆಲ್ಲ ಕೋವಿ ಠೇವಣಿ ಇಡುವ ಆದೇಶ ಬರುತ್ತದೆ. ಒಂಟಿ ಮನೆಯ ಬೆಳೆಗಾರರ ಸಂಕಟ ನಿಜವಾದದ್ದು. ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿಗೆ ವಿನಾಯಿತಿ ಕೇಳಿ ಕಾರಣಸಹಿತ ಅರ್ಜಿ ಕೊಡಬಹುದು. ಠೇವಣಿ ಇಡುವಾಗ ಕೋವಿಯ ನಂಬರ್, ಸ್ಥಿತಿ, ತೋಟಾಗಳ ಸಂಖ್ಯೆ ಬರೆದ ರಸೀದಿ ಪಡೆಯಿರಿ. ಎಣ್ಣೆ ಸವರಿ ಕೊಡಿ. ಮಲೆನಾಡಿನ ಮಳೆಗಾಲದಲ್ಲಿ ಎಣ್ಣೆಯಿಲ್ಲದ ನಳಿಗೆ ಬೇಗ ತುಕ್ಕು ಹಿಡಿಯುತ್ತದೆ.

ಒಟ್ಟು ವ್ಯವಸ್ಥೆಗೆ ಐದರಲ್ಲಿ ಮೂರು ಅಂಕ ಕೊಡಬಹುದು. ತರಬೇತಿಗೂ ವಾರಸಾ ವರ್ಗಾವಣೆಗೂ ಹೆಚ್ಚು, ಅರಣ್ಯ ಸಮ್ಮತಿಗೂ ಕಡತದ ಸ್ಥಿತಿ ತಿಳಿಸುವ ವಿಷಯಕ್ಕೂ ಕಡಿಮೆ. ತಿರಸ್ಕಾರವಾದರೆ ಕಾರಣಗಳ ಲಿಖಿತ ಪ್ರತಿ ಕೇಳಿ ಪಡೆಯಿರಿ. ಎರಡೂ ಜಿಲ್ಲೆಗಳಿಗೆ ಮೇಲ್ಮನವಿ ಮೈಸೂರಿನ ಪ್ರಾದೇಶಿಕ ಆಯುಕ್ತರಲ್ಲಿ, ಆದೇಶದ ದಿನದಿಂದ 30 ದಿನದೊಳಗೆ. ಆದೇಶದ ಪ್ರತಿ, ಪೊಲೀಸ್ ವರದಿಯ ನಕಲು, ಬೆಳೆ ಹಾನಿಯ ಕಾಗದಗಳು ಜೊತೆಗಿರಲಿ.